ಕನ್ನಡಿಯಿಲ್ಲದ ಕ್ಯಾಮೆರಾ

ಭಾನುವಾರ, ಹದಿನೇಳನೇ ತಾರೀಖು
ಮನೆಯಿಂದ

ಪ್ರೀತಿಯ ಗುಬ್ಬಿ,

ಅಪ್ಪನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಅಲ್ಲಿ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ತುಂಬಾ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಮನೆ ಬಿಟ್ಟು ಆ ಊರಿನ ಸ್ಟುಡಿಯೋ ಸೇರಿದ ಮೇಲೆ ನಾನು ಒಂದು ಸಾಲು ಬರೆದಿಲ್ಲ, ಒಂದು ಫೋನ್ ಮಾಡಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ "ಅಪ್ಪ ಸ್ನಾನಕ್ಕೆ ಹೋಗಿದಾರೆ" ಅನ್ನುತ್ತಾಳಲ್ಲ, ಅಷ್ಟೊಂದು ಸ್ನಾನ ಮಾಡುವ ಮನುಷ್ಯ ನಾನಲ್ಲವೆಂದು ನಿನಗೂ ಗೊತ್ತು. ಪಕ್ಕದ ಕುರ್ಚಿಯಲ್ಲೇ ಕೂತು, ನಿನ್ನ ದನಿ ಎಷ್ಟು ಕೇಳಿಸುತ್ತದೋ ಅಷ್ಟನ್ನು ಕೇಳಿಸಿಕೊಳ್ಳುತ್ತಿರುತ್ತೇನೆ. ಅಮ್ಮ ಫೋನ್ ನನ್ನ ಕಡೆ ಚಾಚಿದರೆ ಬೇಡವೆಂದು ಕೈ ಆಡಿಸುತ್ತೇನೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮುಂದಿನ ತಿಂಗಳು ನಿನ್ನ ಚಿಕ್ಕಮ್ಮನ ಮಗನ ಮದುವೆ. ನೀನು ಬರಬೇಕು. ನೆಂಟಳಾಗಿ ಬಂದರೆ ಸಾಲದು, ಫೋಟೋ ತೆಗೆಯುವವಳಾಗಿ ಬರಬೇಕು, ಅದೂ ನಿನ್ನ ಕನ್ನಡಿಯಿಲ್ಲದ ಕ್ಯಾಮೆರಾ ಹಿಡಿದುಕೊಂಡೇ. ಅದನ್ನು ಆಟಿಕೆ ಎಂದು ಯಾವ ನೆಂಟರೆದುರು ಆಡಿಕೊಂಡೆನೋ ಅದೇ ನೆಂಟರೆದುರು ನೀನು ಮುಂದೆ ನಿಲ್ಲಬೇಕು, ನಾನು ಹಿಂದೆ ಲೈಟ್ ಹಿಡಿಯುತ್ತೇನೆ. ಈ ಮಾತು ಕೇಳಿದಾಗಿನಿಂದ ಲೈಟ್ ಮಾಮ ಮುಖ ಊದಿಸಿಕೊಂಡಿದ್ದಾನೆ. ನೀನು ಲಂಗ ಹಾಕುತ್ತಿದ್ದ ಕಾಲದಿಂದ ನಮ್ಮ ಲೈಟ್ ಹಿಡಿದವನು ತಾನೇ ಅವನು. "ಅಣ್ಣ, ಮಗಳಿಗೆ ಜಾಗ ಬಿಟ್ಟುಕೊಡಿ, ಬೇಡ ಅನ್ನಲ್ಲ. ಅದಕ್ಕೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?" ಎಂದ. ನೀನು ಬಂದರೆ ಅವನನ್ನೂ ಸಮಾಧಾನ ಮಾಡಬಹುದು. ಬಾರದಿದ್ದರೆ ಏನು ಮಾಡಬೇಕೋ ನನಗೆ ತೋಚುತ್ತಿಲ್ಲ. ನಮ್ಮ ಸ್ಟುಡಿಯೋ ಮುಚ್ಚುವುದೊಂದೇ ಉಳಿಯುತ್ತದೆ.

ಇಷ್ಟು ಮೆತ್ತಗಿನ ಮಾತು ನನ್ನ ಬಾಯಲ್ಲಿ ಹೇಗೆ ಬಂತು ಎಂದು ನಿನಗೆ ಅನುಮಾನ ಬಂದಿರಬಹುದು. ಹೇಳುತ್ತೇನೆ. ಹೇಳುವುದಕ್ಕೆ ನಾಚಿಕೆ, ಆದರೂ ಹೇಳುತ್ತೇನೆ.

ನೀನು ಹೊಸ ಕ್ಯಾಮೆರಾ ಕೊಳ್ಳೋಣ ಎಂದಾಗ ನಾನು ಆಡಿದ್ದೆಲ್ಲ ನೆನಪಿದೆ. ಕಣ್ಣಿಗೆ ಹಿಡಿದರೆ ಒಳಗೊಂದು ಪುಟ್ಟ ಟಿವಿ, ಅದು ನಿಜವಾದ ಬೆಳಕಲ್ಲ ಎಂದೆ. ಕೈಯಲ್ಲಿ ತೂಕವಿಲ್ಲ, ನಮ್ಮನ್ನು ಯಾರೋ ನೆಂಟರ ಹುಡುಗರು ಅಂದುಕೊಳ್ಳುತ್ತಾರೆ ಎಂದೆ. "ಕನ್ನಡಿ ಮೇಲೆದ್ದು ಠಪ್ ಅಂದ್ರೆ ನಾಲ್ಕು ಜನ ತಿರುಗಿ ನೋಡಬೇಕು, ಅದು ಫೋಟೋಗ್ರಾಫರನ ಮರ್ಯಾದೆ" ಎಂದೂ ಎಂದೆ. ನೀನು ಬಾಡಿಗೆಗೆ ತಂದ ಆ ಸದ್ದಿಲ್ಲದ ಪೆಟ್ಟಿಗೆಯನ್ನು ಮದುವೆಮನೆಯವರಿಗೆ ತೋರಿಸಿ, "ಅದು ಪ್ರಾಕ್ಟೀಸಿಗೆ, ನೀವೇನೂ ಯೋಚನೆ ಮಾಡಬೇಡಿ" ಎಂದು ನಕ್ಕಿದ್ದೂ ಉಂಟು. ನೀನು ಆಗ ತಲೆ ತಗ್ಗಿಸಿ ಲೆನ್ಸ್ ಒರೆಸುತ್ತಿದ್ದೆ.

ನೀನು ಹೋದ ಮೇಲೆ ಒಂದು ಮದುವೆ ಒಪ್ಪಿಕೊಂಡೆ. ಮದುವೆಗಂಡಿನ ಅಕ್ಕ ವಕೀಲೆ. ಮುಂಗಡ ಕೊಡುವ ಮೊದಲೇ ಪಾಟಿಸವಾಲಿಗೆ ಇಳಿದಳು. "ಅಂಕಲ್, ನಿಮ್ಮದು ಮಿರರ್‌ಲೆಸ್ ತಾನೇ? ಚಿಕ್ಕ ಹಾಲ್, ಉಂಗುರ ತೊಡಿಸಿ ಇಬ್ಬರೂ ಎರಡು ಮಾತಾಡೋ ಮದುವೆ, ಆಗ ಟಪಟಪ ಅನ್ನಬಾರದು" ಎಂದಳು. ನಾನು ಎಂದಿನ ಭಾಷಣ ಶುರು ಮಾಡಬೇಕಿತ್ತು. ಮಾಡಲಿಲ್ಲ. ಕೆಲಸ ಕೈತಪ್ಪುತ್ತದೆಂಬ ಹೆದರಿಕೆಗೆ "ಹೌದಮ್ಮ, ಈಗೆಲ್ಲ ಅದೇ ಅಲ್ವಾ" ಎಂದುಬಿಟ್ಟೆ.

ಬಾಡಿಗೆ ಅಂಗಡಿಗೆ ಹೋಗಿ, ಸ್ನೇಹಿತರೊಬ್ಬರಿಗೆ ಒಂದು ಕ್ಯಾಮೆರಾ ಬೇಕಂತೆ ಎಂದೆ. ಅಂಗಡಿಯವನು ನನ್ನ ಮುಖ ನೋಡಿದ. ಕ್ಯಾಮೆರಾ, ಎರಡು ಬ್ಯಾಟರಿ ಕೈಗಿಟ್ಟು, "ನಿಮ್ಮ ಸ್ನೇಹಿತರಿಗೆ ಒಂದು ಮಾತು ಹೇಳಿ ಸಾರ್. ಕೆಲಸ ಇಲ್ಲದಾಗ ಆಫ್ ಮಾಡಬೇಕು, ಸುಮ್ಮನಿದ್ರೂ ಬ್ಯಾಟರಿ ಕುಡಿಯತ್ತೆ" ಎಂದ. ಸ್ನೇಹಿತರಿಗೆ ಹೇಳಿದ ಮಾತಲ್ಲವೇ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗಿನ ಕೆಲಸ ಹೂವೆತ್ತಿದಂತೆ ಆಯಿತು. ಗುಬ್ಬಿ, ಒಂದು ವಿಷಯ ನೀನು ನನಗೆ ಯಾಕೆ ಹೇಳಿರಲಿಲ್ಲ? ಹೇಳಿದ್ದೆಯೇನೋ, ನಾನು ಕೇಳಿರಲಿಕ್ಕಿಲ್ಲ. ನಮ್ಮ ಹಳೆಯದರಲ್ಲಿ ಗುಂಡಿ ಒತ್ತಿದ ಗಳಿಗೆಗೆ ಸರಿಯಾಗಿ ಕನ್ನಡಿ ಮೇಲೆದ್ದು ಕಣ್ಣೆದುರು ಕತ್ತಲಾಗುತ್ತದೆ. ಇಷ್ಟು ವರ್ಷ ನಾನು ತೆಗೆದ ಯಾವ ಗಳಿಗೆಯನ್ನೂ ನಾನು ಕಂಡವನಲ್ಲ. ಅದರ ಹಿಂದಿನದನ್ನು ಕಂಡಿದ್ದೇನೆ, ಮುಂದಿನದನ್ನು ಕಂಡಿದ್ದೇನೆ. ಆವತ್ತು ಮದುವಣಗಿತ್ತಿಯ ಅಜ್ಜಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಮೊಮ್ಮಗಳು ಇಳಿದು ಬರುವುದನ್ನು ನೋಡಿ ನಗಲು ಹೋದ ಬಾಯಿ ಹಾಗೇ ಅಳುವಿಗೆ ತಿರುಗಿತು. ನಾನು ಒತ್ತಿದೆ. ಕತ್ತಲಾಗಲಿಲ್ಲ. ಅಷ್ಟನ್ನೂ ಕಂಡೆ. ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅಳುವ ಫೋಟೋಗ್ರಾಫರನನ್ನು ಯಾರು ನೋಡಿದರೋ ಏನೋ, ಕ್ಯಾಮೆರಾ ಮುಖಕ್ಕೆ ಅಂಟಿಸಿಕೊಂಡೇ ನಿಂತಿದ್ದೆ.

ಅಷ್ಟು ಹೊತ್ತೂ ಅದನ್ನು ಒಮ್ಮೆಯೂ ಆಫ್ ಮಾಡಿರಲಿಲ್ಲ. ಹಳೆಯದನ್ನು ದಿನವಿಡೀ ಆನ್ ಮಾಡಿ ಕುತ್ತಿಗೆಗೆ ನೇತು ಹಾಕಿಕೊಂಡೇ ಅಭ್ಯಾಸ, ಒತ್ತಿದರೆ ಮಾತ್ರ ಅದು ಬ್ಯಾಟರಿ ತಿನ್ನುವುದು. ಮೊದಲನೆಯ ಬ್ಯಾಟರಿ ಮುಗಿಯುತ್ತ ಬಂದಾಗ ಲೈಟ್ ಮಾಮನೇ ನೋಡಿ ಎರಡನೆಯದನ್ನು ಹಾಕಿಕೊಟ್ಟ, ನಾನು ಮತ್ತೆ ಹಾಗೇ ನೇತು ಹಾಕಿಕೊಂಡೆ. ಉಂಗುರ ತೊಡಿಸುವ ಹೊತ್ತು ಬಂತು. ಹುಡುಗ ಅವಳ ಬೆರಳು ಹಿಡಿದ. ನಾನು ಒತ್ತಿದೆ, ಕಣ್ಣೆದುರು ಕತ್ತಲಾಯಿತು. ಕತ್ತಲಾದರೆ ಫೋಟೋ ಬಂತು ಎಂದೇ ಲೆಕ್ಕ ನನಗೆ. ಬೆಳಗ್ಗೆಯಿಂದ ಕತ್ತಲಾಗದೆ ಇದ್ದಿದ್ದೇ ವಿಚಿತ್ರ, ಈಗ ದಾರಿಗೆ ಬಂತು ಎಂದುಕೊಂಡು ಅದೇ ಕತ್ತಲಿಗೆ ಕಣ್ಣಿಟ್ಟು ಖುಷಿಯಿಂದ ಒತ್ತಿದ್ದೇ ಒತ್ತಿದ್ದು. ಲೈಟ್ ಮಾಮ ಹಿಂದಿನಿಂದ ಅಂಗಿ ಎಳೆದ. "ಅಣ್ಣ, ಅದು ಸತ್ತಿದೆ" ಎಂದ.

ಅಷ್ಟರಲ್ಲಿ ಎರಡೂ ಉಂಗುರ ಬೆರಳಿಗೆ ಸೇರಿ ಜನ ಚಪ್ಪಾಳೆ ತಟ್ಟಿ ಆಗಿತ್ತು. ಚೀಲದಿಂದ ಹಳೆಯ ಕ್ಯಾಮೆರಾ ತೆಗೆದು, ಹಲ್ಲು ಕಿರಿದು, "ಇನ್ನೊಂದು ಸಲ ಹಾಕಿದ್ರೆ ಚೆನ್ನಾಗಿರತ್ತೆ" ಎಂದೆ. ಹುಡುಗಿಯ ಬೆರಳಿನಿಂದ ಉಂಗುರ ಹೊರಗೆ ಬರಲೊಲ್ಲದು. ಯಾರೋ ಸೋಪು ತನ್ನಿ ಎಂದರು. ಹಾಲಿನ ತುಂಬ ನಗು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಕೊನೆಗೆ ಹೇಗೋ ತೆಗೆದು ಮತ್ತೆ ತೊಡಿಸಿದರು, ನಾನು ಠಪ್ ಠಪ್ ಎಂದು ಜೋರಾಗಿಯೇ ತೆಗೆದೆ.

ಮಾರನೆಯ ದಿನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾಗ ಅಮ್ಮ ಊಟ ತಂದಳು. ಹೊಸದರಲ್ಲಿ ತೆಗೆದವು ಒಂದೊಂದೂ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಮುಖ ಕಂಡರೆ ಸಾಕು, ಅದು ತಾನೇ ಕಣ್ಣನ್ನು ಹುಡುಕಿ ಹಿಡಿದುಕೊಳ್ಳುತ್ತದಲ್ಲ. ಆಮೇಲೆ ಉಂಗುರದ ಫೋಟೋಗಳು ಬಂದವು, ಹಳೆಯ ಕ್ಯಾಮೆರಾದವು, ಎಂದಿನಂತೆ ನಾನೇ ಕೈಯಿಂದ ಫೋಕಸ್ ಮಾಡಿದವು. ಅಮ್ಮ ಹತ್ತಿರ ಬಗ್ಗಿ ನೋಡಿ, "ರೀ, ಇವರೆಲ್ಲ ಯಾಕೆ ನೀರೊಳಗೆ ಮುಳುಗಿದ ಹಾಗಿದಾರೆ?" ಎಂದಳು. ಲೆನ್ಸ್ ಹಳೆಯದಾಯಿತು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಮ್ಮ ಡಬ್ಬಿ ಬಿಚ್ಚುತ್ತ, "ಗುಬ್ಬಿ ಇದ್ದಾಗ ಇಂಥವು ಬರ್ತಾನೇ ಇರ್ಲಿಲ್ಲ" ಎಂದಳು. ಬರುತ್ತಿದ್ದವು. ಆಲ್ಬಮ್ಮಿಗೆ ಆರಿಸುತ್ತಿದ್ದವಳು ನೀನು. ನನ್ನ ಮಂಜು ಮಂಜಾದವನ್ನೆಲ್ಲ ಯಾರ ಕಣ್ಣಿಗೂ ಬೀಳದಂತೆ ಪಕ್ಕಕ್ಕಿಟ್ಟು ಆ ಜಾಗಕ್ಕೆ ನಿನ್ನವನ್ನು ಹಾಕುತ್ತಿದ್ದವಳು ನೀನು.

ಅಮ್ಮ ಬಿಡಲಿಲ್ಲ, ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬಲಗಣ್ಣಿಗೆ ಪೊರೆ ಬಂದಿದೆಯಂತೆ. "ಇದು ಈಗ ಬಂದಿದ್ದಲ್ಲ, ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಆ ಡಾಕ್ಟರಮ್ಮ ಕೇಳಿದರು. ಇಲ್ಲ ಎಂದೆ. ಗಾಬರಿಯಾಗಬೇಡ, ಸಣ್ಣ ಆಪರೇಷನ್ ಅಷ್ಟೇ, ಚಿಕ್ಕಮ್ಮನ ಮನೆಯ ಮದುವೆ ಮುಗಿದ ಮೇಲೆ ಮಾಡಿಸಿಕೊಳ್ಳುತ್ತೇನೆ.

ವಕೀಲೆಗೆ ಉಂಗುರದ ಫೋಟೋ ಒಂದೂ ಸರಿಯಾಗಿ ಬಂದಿಲ್ಲ ಎಂದು ಹೇಳಲು ಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಪರವಾಗಿಲ್ಲ ಬಿಡಿ ಅಂಕಲ್, ಈ ವಯಸ್ಸಲ್ಲಿ ನೀವು ಇಷ್ಟು ಓಡಾಡೋದೇ ಹೆಚ್ಚು" ಎಂದು ಕಾಫಿ ಕೊಟ್ಟಳು. ಆ ಕಾಫಿಯನ್ನು ಹೇಗೆ ಕುಡಿದೆನೋ ನನಗೇ ಗೊತ್ತಿಲ್ಲ. ಆದರೆ ಅಜ್ಜಿಯ ಆ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡಿದ್ದಾರೆ. ನೋಡು, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಈಗಲೂ ಹೋಗಿಲ್ಲ ನನಗೆ.

ಮದುವೆ ಕೆಲಸಕ್ಕೆ ಆ ಕ್ಯಾಮೆರಾ ಆಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ ಆಗುತ್ತದೆ ಎನ್ನುತ್ತೇನೆ. ಜೇಬಿನಲ್ಲಿ ನಾಲ್ಕು ಬ್ಯಾಟರಿ ಇರಬೇಕು, ಹೇಳಿದ್ದನ್ನು ಕೇಳುವ ಕಿವಿ ಇರಬೇಕು, ಇನ್ನೇನೂ ಬೇಡ. ನೀನು ಇದನ್ನೇ ಹೇಳುತ್ತಿದ್ದೆ. ನಾನು ಸ್ಟುಡಿಯೋದ ಬಾಗಿಲಲ್ಲಿ ನಿಂತು, ಕೆಳಗಿನ ಟೈಲರ್ ಅಂಗಡಿಗೂ ಕೇಳುವಂತೆ ಕೂಗಾಡಿದೆ. "ನನಗೆ ಕಲಿಸೋಕೆ ಬರಬೇಡ, ಅಷ್ಟು ಗೊತ್ತಿದ್ರೆ ಬೇರೆ ಕಡೆ ಹೋಗಿ ದುಡಿ" ಎಂದ ಮಾತು ನನ್ನದೇ. ಬಾಯಿಗೆ ಬಂದಂತೆ ಆಡಿದೆ, ನೀನು ನಿಜವಾಗಿಯೂ ಹೋದೆ. ತಪ್ಪಾಯಿತು ಮಗಳೇ. ಇದನ್ನು ಹೊಟ್ಟೆಗೆ ಹಾಕಿಕೊಂಡು ಬಾ.

ಅಮ್ಮ ನಿನ್ನ ಕೋಣೆಯ ಪರದೆ ಒಗೆದು ಹಾಕಿದ್ದಾಳೆ. ಚಿಕ್ಕಮ್ಮ ದಿನಕ್ಕೊಮ್ಮೆ ಫೋನ್ ಮಾಡಿ "ಗುಬ್ಬಿ ಒಪ್ಪಿದಳಾ" ಎಂದು ಪ್ರಾಣ ತಿನ್ನುತ್ತಾಳೆ. ಅಲ್ಲಿನ ಕೆಲಸಕ್ಕೆ ತೊಂದರೆಯಾದರೆ ಎರಡೇ ದಿನಕ್ಕೆ ಬಾ. ಎಲ್ಲಿದ್ದರೂ ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಒಳ್ಳೆಯ ಬೆಳಕು ಸಿಗಲಿ. ನೂರು ಕಾಲ ಸುಖವಾಗಿರು.

ಇಂತು ನಿನ್ನ
ಅಪ್ಪ

ಮರುಬರಹ: ಮೇಲಿನದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ಸಾಕು, ಚೆನ್ನಾಗಿದೆ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಇದು ಅವಳಿಗೆ ಗೊತ್ತಿಲ್ಲದೆ ಬರೆಯುತ್ತಿರುವುದು.

ಜಗಳ ಕ್ಯಾಮೆರಾದ್ದಲ್ಲ. ನಿನಗೆ ಗೊತ್ತು, ನನಗೂ ಗೊತ್ತು. ಅದರ ಹಿಂದಿನ ದಿನ ನಾವಿಬ್ಬರೂ ಆ ಹಲ್ಲಿನ ಡಾಕ್ಟರ ಮನೆಗೆ ಅವರ ಮಗಳ ಮದುವೆಯ ಆಲ್ಬಮ್ ಕೊಡಲು ಹೋಗಿದ್ದೆವು. ಒಂದು ಹಾಳೆಯಲ್ಲಿ ಅವರು ತಡೆದರು. ಹಾಲಿನ ಹಿಂದುಗಡೆ, ಪೇರಿಸಿಟ್ಟ ಕುರ್ಚಿಗಳ ಪಕ್ಕ ಒಬ್ಬರೇ ನಿಂತು ಅಂಗಿಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಅವರದೇ ಫೋಟೋ. "ಅಲ್ಲಿ ಯಾರೋ ಇದ್ರು ಅಂತ ನನಗೆ ಗೊತ್ತೇ ಆಗ್ಲಿಲ್ಲ. ಒಂದು ಸದ್ದೂ ಇರ್ಲಿಲ್ಲ. ಯಾರು ತೆಗೆದಿದ್ದು ಇದು? ನೀನೇನಮ್ಮಾ?" ಎಂದು ನಿನ್ನನ್ನು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ "ನಾನೇ" ಎಂದೆ. ಆ ಹೊತ್ತಿನಲ್ಲಿ ನಾನು ಹಾಲಿನ ಮುಂಬಾಗಿಲಲ್ಲಿ ಗಂಡಿನ ಕಡೆಯವರನ್ನು ಸಾಲಾಗಿ ನಿಲ್ಲಿಸುತ್ತಿದ್ದೆ, ಹಿಂದುಗಡೆಗೆ ಕಾಲೂ ಇಟ್ಟಿರಲಿಲ್ಲ. ಇಷ್ಟೇ ಆಗಿದ್ದರೂ ಆಗುತ್ತಿತ್ತು. ಅದರ ಮೇಲೆ ಹಾಳೆಗೆ ಬೆರಳಿಟ್ಟು, "ನೋಡಿ ಡಾಕ್ಟ್ರೇ, ಇಂಥದ್ದು ಕನ್ನಡಿ ಕ್ಯಾಮೆರಾದಲ್ಲಿ ಮಾತ್ರ ಬರೋದು, ಈ ಹೊಸ ಆಟಿಕೆಗಳಲ್ಲಿ ಬರಲ್ಲ" ಎಂದೆ. ಅವರು ನಿನ್ನ ಕಡೆ ನೋಡಿದರು. ನೀನು ಒಂದಿಷ್ಟೂ ತಡವರಿಸದೆ, "ಹೌದು ಅಂಕಲ್, ಅಪ್ಪಂದೇ" ಎಂದೆ.

ಆಮೇಲೆ ನಿನ್ನ ಮುಖ ನೋಡಲು ನನ್ನಿಂದಾಗಲಿಲ್ಲ. ನೋಡದೆ ಇರಬೇಕಾದರೆ ಸಿಟ್ಟು ಮಾಡಬೇಕಿತ್ತು, ಮಾಡಿದೆ. ಮೊನ್ನೆ ಆ ಡಾಕ್ಟರ ಗೇಟಿನವರೆಗೆ ಹೋಗಿದ್ದೆ. ಬೆಲ್ ಒತ್ತಲಾಗದೆ ವಾಪಸ್ ಬಂದೆ. ನೀನು ಬಂದರೂ ಬಾರದಿದ್ದರೂ ಹೋಗಿ ಹೇಳುತ್ತೇನೆ, ಹೇಳಲೇಬೇಕು. ಆದರೆ ಅದರಿಂದ ನನ್ನ ಎದೆಯ ಭಾರ ಇಳಿಯುತ್ತದೆಂದು ಅನ್ನಿಸುತ್ತಿಲ್ಲ. ಆವತ್ತು ಅಪ್ಪಂದೇ ಎನ್ನುವಾಗ ನಿನ್ನ ದನಿಯಲ್ಲಿ ಸಿಟ್ಟಿದ್ದಿದ್ದರೆ, ಚುಚ್ಚುಮಾತಿನ ಎಳೆಯಿದ್ದಿದ್ದರೆ, ನಾನು ಎಂದೋ ಮರೆತುಬಿಡುತ್ತಿದ್ದೆ. ಪಾಪ ಅಪ್ಪ ಎಂಬ ಕನಿಕರದಲ್ಲಿ ಹೇಳಿದೆ ನೀನು.