ಅತ್ತೆಯ ಆ್ಯಶ್ ಮರ

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಜೂನ್ ೨, ೨೦೨೪

ಪ್ರೀತಿಯ ಮಾವನವರಿಗೆ ಸೌಜನ್ಯಾಳ ಶರಣು.

ಕಣ್ಣಿನ ಆಪರೇಷನ್ ಆದಮೇಲೆ ಓದಲು ತೊಂದರೆಯಾಗುತ್ತಿಲ್ಲ ತಾನೆ? ಅಕ್ಷರ ದೊಡ್ಡದಾಗಿಯೇ ಬರೆಯುತ್ತಿದ್ದೇನೆ. ಕಷ್ಟವಾದರೆ ಮಗಳ ಮನೆಯಲ್ಲೇ ಇದ್ದೀರಲ್ಲ, ನಂದಕ್ಕ ಓದಿ ಹೇಳಲಿ. ದಾವಣಗೆರೆಯ ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೊರಗೆ ಕಾಲಿಡಬೇಡಿ.

ವಿಡಿಯೋ ಕಾಲ್ ಮಾಡಿದಾಗೆಲ್ಲ ಹಿತ್ತಲಿನ ಆ್ಯಶ್ ಮರ ತೋರಿಸಿ ಅನ್ನುತ್ತೀರಿ, ನಾವು ಏನಾದರೂ ನೆಪ ಹೇಳುತ್ತೇವೆ. ಮಾವ, ಮರ ಹೋಯಿತು. ಮನೆಯೊಳಗೆ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆಂದು ಅತ್ತೆ ಕರೆಂಟ್ ಒಲೆಯನ್ನು ಅದರ ನೆರಳಿಗೆ ಒಯ್ದು ಮಿರ್ಚಿ ಕರಿಯುತ್ತಿದ್ದರಲ್ಲ, ಅದೇ ಮರ. ಈ ವಸಂತದಲ್ಲಿ ತುದಿಯ ಕೊಂಬೆಗಳು ಚಿಗುರಲೇ ಇಲ್ಲ. ಮರಕುಟಿಗಗಳು ತೊಗಟೆ ಕಿತ್ತ ಕಡೆಯೆಲ್ಲ ಇಂಗ್ಲಿಷಿನ ‘ಡಿ’ ಅಕ್ಷರದಂಥ ಸಣ್ಣ ತೂತುಗಳು. ಏಷ್ಯಾ ಕಡೆಯಿಂದ ಬಂದು ಸೇರಿಕೊಂಡ ಹಸಿರು ದುಂಬಿಯ ಕೆಲಸವಂತೆ. ಅದರ ಮರಿಹುಳುಗಳು ತೊಗಟೆಯಡಿ ಕೊರೆದು, ಮರಕ್ಕೆ ನೀರೇ ಏರದಂತೆ ಮಾಡುತ್ತವೆ. ಬೇಲಿಯಾಚೆಯ ಕಾಡಿನಲ್ಲೂ ಆ್ಯಶ್ ಮರಗಳು ಬೋಳಾಗಿ ನಿಂತಿವೆ.

ಮರಗಳಿಗೆ ಔಷಧಿ ಮಾಡುವವರನ್ನು ಕರೆಸಿದೆವು. "ಇಂಜೆಕ್ಷನ್ ಕೊಟ್ಟು ಒಂದ್ ಟ್ರೈ ಮಾಡಿ, ಪ್ಲೀಸ್" ಎಂದು ನಿಮ್ಮ ಮಗ ಬೇಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಒಣಗಿದ ಮರ ಔಷಧಿಯನ್ನು ಮೇಲಕ್ಕೆ ಎಳೆದುಕೊಳ್ಳುವುದಿಲ್ಲ, ಮನೆಯ ಮೇಲೆ ಮುರಿದು ಬೀಳುವ ಮೊದಲು ಕಡಿಸಿಬಿಡಿ ಎಂದ ಆತ. ಅಷ್ಟರಲ್ಲಿ ಪಕ್ಕದ ಮನೆಯ ಗಯಾಜ್ ಅಂಕಲ್ ಬೇಲಿಯ ಹತ್ತಿರ ಬಂದು, "ನಮ್ದು ಇನ್ನೂ ಹಸಿರಾಗೇ ಇದೆ ಕಣಪ್ಪ ಕಿರಣ್. ಅದನ್ನಾದ್ರೂ ನೋಡ್ಬಿಡ್ಲಿ" ಎಂದರು. ಅದರ ಬುಡದ ಸುತ್ತ ಕೊರೆದು ಔಷಧಿ ಏರಿಸಿದರು. ಮುಗಿಯುವ ತನಕ ಕಿರಣ್ ಕಾಂಡದ ಮೇಲೆ ಕೈಯಿಟ್ಟು ನಿಂತೇ ಇದ್ದರು. ಎರಡು ವರ್ಷಕ್ಕೊಮ್ಮೆ ಕೊಡಿಸುತ್ತಿದ್ದರೆ ಉಳಿದುಕೊಳ್ಳಬಹುದಂತೆ.

ನಮ್ಮದನ್ನು ಶುಕ್ರವಾರ ಕಡಿದರು.

ಡ್ರಾಪ್ಸ್ ಹಾಕಿಕೊಳ್ಳುವುದನ್ನು ಮರೆಯಬೇಡಿ. ನಂದಕ್ಕನಿಗೆ ನನ್ನ ನೆನಪು ಹೇಳಿ.

ನಿಮ್ಮ ಸೊಸೆ,
ಸೌಜನ್ಯಾ

ತಾ.ಕ.: ನಮ್ಮ ಸ್ನೇಹಿತ ಸುಮೀತ್ ಊರಿಗೆ ಹೊರಟವನು ಈ ಪತ್ರಕ್ಕಾಗಿ ಬಾಗಿಲಲ್ಲಿ ಕಾಯುತ್ತಿದ್ದಾನೆ. ಇಷ್ಟು ಬರೆದುಬಿಡುತ್ತೇನೆ. ಅತ್ತೆ ತೀರಿಕೊಂಡಾಗ ನಿಮ್ಮ ಮಗ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಶುಕ್ರವಾರ ಗರಗಸದ ಸದ್ದು ನಿಂತ ಮೇಲೆ ಗ್ಯಾರೇಜಿನಲ್ಲಿ ಕೂತು "ಅವ್ವಾ, ಅವ್ವಾ" ಎಂದು ಮಗುವಿನ ಹಾಗೆ ಅತ್ತರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ನೀವೂ ಅಷ್ಟೇ, ಅತ್ತೆಯ ಮಾತು ಬಂದರೆ ಫೋನ್ ಇಟ್ಟುಬಿಡುತ್ತೀರಿ. ಈ ಸಲ ಇಡಬೇಡಿ ಮಾವ. ನೀವೇ ಮಗನ ಹತ್ತಿರ ಅತ್ತೆಯ ಮಾತು ತೆಗೆಯಿರಿ.