ಶೆಡ್ಡಿನ ದೃಶ್ಯ

ಜಿಗಣಿ
18 ನವೆಂಬರ್ 2024

ಪ್ರೀತಿಯ ಭಾವ ಇರಣ್ಣನವರಿಗೆ,

ಗದಗಿನ ನಿಮ್ಮ ಮನೆಗೆ ಇಲ್ಲಿಂದಲೇ ಶರಣು. ನಮ್ಮ ಕರ್ತನ ಕೃಪೆಯೂ ನಿಮ್ಮ ಮೇಲಿರಲಿ. ಉತ್ತರ ತಡವಾಯಿತು, ಸಿಟ್ಟಾಗಬೇಡಿರಿ. ನಾಟಕದ ತಾಲೀಮಿನಲ್ಲಿ ಮುಳುಗಿದ್ದೆ. ನಮ್ಮ ಚರ್ಚಿನ ಬೆಳ್ಳಿಹಬ್ಬಕ್ಕೆ ಸಭೆಯ ಚರಿತ್ರೆಯನ್ನೇ ನಾಟಕ ಮಾಡಿಕೊಡಿ ಎಂದು ಸಭೆಯವರು ಕೇಳಿದ್ದರು. ಕಂಪನಿ ನಾಟಕದಲ್ಲಿ ಒಂದೇ ಕೂಗಿಗೆ ಕಂದೀಲು ಆರಿಸಿದವನಿಗೆ ಅಷ್ಟು ಸಾಲದೇ? ಬರೆದೆ!

ಏನು ಬರೆದೆ, ಕೇಳಿರಿ. ಪರದೆ ಏಳುತ್ತದೆ. ಗ್ರಾನೈಟ್ ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ನಿಮ್ಮ ತಂಗಿಯ ಖಾನಾವಳಿ. ಭಾನುವಾರ ಸಂಜೆ ತಾಟು ತೊಳೆದಿಟ್ಟ ಮೇಲೆ, ಅದೇ ಬೆಂಚುಗಳ ಮೇಲೆ ಕಲ್ಲು ಪಾಲಿಶಿನ ನಮ್ಮ ಮಂದಿ ಪ್ರಾರ್ಥನೆಗೆ ಕೂಡುತ್ತಾರೆ. ಬಿಷಪ್ಪಿಲ್ಲ, ಮಿಷನ್ನಿಲ್ಲ, ಯಾರ ಹಂಗೂ ಇಲ್ಲ! ಹೆಂಗಸರು ದಿನಾ ಹಿಟ್ಟು ನಾದುವ ಮುನ್ನ ಒಂದು ಹಿಡಿ ದೇವರಿಗೆಂದು ತೆಗೆದಿಟ್ಟು, ವಾರಕ್ಕೊಮ್ಮೆ ತಂದು ಸುರಿಯುತ್ತಿದ್ದರು. ಅದನ್ನು ಇವಳು ರೊಟ್ಟಿ ತಟ್ಟಿ ಮಾರಿದಳು. ಭಾವ, ಆ ರೊಟ್ಟಿಯಿಂದ ಚರ್ಚಿನ ಗೋಡೆ ಎದ್ದಿತು!

ಗೋಡೆಗೆ ಸುಣ್ಣ ಬಳಿದ ಮೇಲೆ ಬಂದವರು ಪಾಸ್ಟರ್ ಶ್ರೀಧರ್. ಮೊನ್ನೆ ತಾಲೀಮಿಗೂ ಬಂದರು.

"ಅಂಕಲ್, ಸಕ್ಕತ್ತಾಗಿದೆ. ಆದ್ರೆ ಶೆಡ್ ಸೀನ್ ಬೇಡ. ಎಲೆಕ್ಟ್ರಾನಿಕ್ ಸಿಟಿಯಿಂದ ದೊಡ್ಡ ದೊಡ್ಡವ್ರು ಬರ್ತಾರೆ. ಖಾನಾವಳೀಲಿ ಶುರುವಾಯ್ತು ಅಂದ್ರೆ ಚೆನ್ನಾಗಿರಲ್ಲ."

"ಸ್ವಾಮಿ ಹುಟ್ಟಿದ್ದು ದನದ ಕೊಟ್ಟಿಗಿಯೊಳಗ ರೀ, ಪಾಸ್ಟರ್! ಅದನ್ನೂ ಕಟ್ ಮಾಡ್ತೀರೇನು?" ಎಂದು ಗುಡುಗಿದೆ.

"ಅಂಕಲ್ ಡೈಲಾಗ್ ಕೇಳ್ರೋ!" ಎಂದು ನಕ್ಕರು. "ಆಯ್ತು, ಇರ್ಲಿ ಬಿಡಿ."

ನಂಬಿದೆ. ನಿನ್ನೆ ಪರದೆ ಎದ್ದರೆ ಬಯಲು! ಬರೀ ಬಯಲು! ಪಾಸ್ಟರ್ ಪಾತ್ರದವನು ಬೈಬಲ್ ಹಿಡಿದು ಬಂದು, "ಈ ಬಂಜರು ನೆಲದಲ್ಲಿ ಸಭೆ ಏಳಲಿ!" ಎಂದ. ಚಪ್ಪಾಳೆಯೋ ಚಪ್ಪಾಳೆ. ಬಂಜರಂತೆ! ಊರ ಮಂದಿಗೆಲ್ಲ ಒಲೆ ಉರಿದ ನೆಲ ಬಂಜರೇ? ಶೆಡ್ಡಿಗೆಂದು ನಾನು ಹೊತ್ತು ತಂದ ತಗಡುಗಳು ರಂಗದ ಹಿಂದೆ ಗೋಡೆಗೊರಗಿ ನಿಂತಿದ್ದವು. ಇನ್ನು ಆ ವೇದಿಕೆ ಹತ್ತಿದರೆ ನನ್ನ ಹೆಸರು ಬೇರೆ ಇಡಿರಿ!

ಅಕ್ಕನವರಿಗೆ ನಮಸ್ಕಾರ. ಮೊಮ್ಮಕ್ಕಳು ನೂರು ಕಾಲ ಬಾಳಲಿ.

ನಿಮ್ಮ
ಪರಮಾನಂದ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. "ನಾಟಕದಾಗ ನೀನೂ ಬರ್ತಿ" ಎಂದು ನಿಮ್ಮ ತಂಗಿಗೆ ಹೇಳಿಬಿಟ್ಟಿದ್ದೆ. ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಂಗಳ ಹಾಡಾಗಿ, ಮಂದಿ ಎದ್ದು, ಕುರ್ಚಿ ಎತ್ತತೊಡಗಿದರೂ ಏಳಲಿಲ್ಲ.

"ನಾ ಯಾವಾಗ ಬರ್ತೀನ್ರಿ?" ಎಂದು ಕೇಳಿದಳು.

"ಇನ್ನೊಂದು ಅಂಕ ಐತಿ" ಎಂದೆ.