ನೀರಿನ ಬಣ್ಣ ಮುಚ್ಚಿಟ್ಟ ಅಧಿಕಾರಿಗಳಿಗೆ

ಮಾನ್ಯ ಆನ್‌ಲೈನ್ ವಿಷಯ ನಿಯಂತ್ರಣಾಧಿಕಾರಿಗಳೇ,

ನಮ್ಮ ಹಾಸ್ಟೆಲ್ಲಿನ ಬಚ್ಚಲುಮನೆಯ ಒಂದು ಪ್ಲಾಸ್ಟಿಕ್ ಮಗ್ಗನ್ನು ನೀವು ಇಡೀ ದೇಶದ ಕಣ್ಣಿನಿಂದ ಮರೆಮಾಡಿದ್ದೀರಿ. ಕಾರಣ ಕೇಳಿದರೆ ಕಾರಣ ಗೌಪ್ಯ ಎನ್ನುತ್ತೀರಿ. ಆದೇಶದ ಪ್ರತಿ ಕೊಡಿ ಎಂದರೆ, ಆದೇಶ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಾಗದು ಎನ್ನುತ್ತೀರಿ. ಅದಕ್ಕೇ ನಾನು ಹೈಕೋರ್ಟಿಗೆ ಹೋದೆ. ಮುಂದಿನ ವಾರ ಮತ್ತೆ ವಿಚಾರಣೆ ಇದೆ. ಅಷ್ಟರೊಳಗೆ ಅರ್ಜಿ ವಾಪಸ್ ತೆಗೆದುಕೊಂಡರೆ ನನಗೇ ಒಳ್ಳೆಯದು ಎಂದು ಸುತ್ತುಬಳಸಿ ತಿಳಿಸಲಾಗಿದೆ. ಈ ಪತ್ರ ಅದಕ್ಕೆ ಉತ್ತರ. ನಿಮ್ಮ ಕಚೇರಿಗೇ ಕಳಿಸಿದ್ದರೆ ಇದೂ ಗೌಪ್ಯವಾಗಿಬಿಡುತ್ತಿತ್ತೇನೋ. ಆ ಭಯಕ್ಕೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಧೈರ್ಯವಂತೆಯಲ್ಲ. ಡಿಗ್ರಿ ಮೊದಲ ವರ್ಷ. ಹಾಜರಿ ಕರೆದಾಗ ‘ಪ್ರೆಸೆಂಟ್ ಮ್ಯಾಮ್’ ಅನ್ನುವುದಕ್ಕೂ ಮನಸ್ಸಿನಲ್ಲೇ ಒಮ್ಮೆ ರಿಹರ್ಸಲ್ ಮಾಡಿಕೊಳ್ಳುವವಳು. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಾದ್ದರಿಂದ ನನ್ನ ಇಂಗ್ಲಿಷೂ ಅರ್ಧ, ಕನ್ನಡವೂ ಅರ್ಧ. ಈ ಪತ್ರದಲ್ಲಿ ತಪ್ಪುಗಳಿದ್ದರೆ ಕ್ಷಮಿಸಿ. ತಪ್ಪು ಮಾಹಿತಿ ಎಂದು ಬ್ಲಾಕ್ ಮಾತ್ರ ಮಾಡಬೇಡಿ.

ಆ ಮಗ್ಗಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಾಸ್ಟೆಲ್ಲಿನಲ್ಲಿ ಬಹಳ ಹಿಂದಿನಿಂದ ಒಂದು ಪದ್ಧತಿಯಿದೆ. ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವಳು ನಲ್ಲಿ ತಿರುಗಿಸಿ, ಬಿಳಿ ಮಗ್ಗಿನಲ್ಲಿ ನೀರು ಹಿಡಿದು, ಕಾರಿಡಾರಿಗೆ ಕೇಳುವಂತೆ ಕೂಗಬೇಕು. ಕಂದು ಬಣ್ಣ ಬಂದರೆ ‘ಟೀ!’, ಇನ್ನೂ ಗಾಢವಾದರೆ ‘ಕಾಫಿ!’, ಬೆಳ್ಳಗೆ ಕದಡಿದ್ದರೆ ‘ಹಾಲು!’ ನೀರು ತಿಳಿಯಾಗಿದ್ದರೆ ಏನೂ ಕೂಗುವಂತಿಲ್ಲ, ಚೆನ್ನಾಗಿರುವ ದಿನ ಪಾಪ ಎಲ್ಲರ ನಿದ್ದೆ ಯಾಕೆ ಹಾಳುಮಾಡಬೇಕು ಎಂದು. ಊಟದ ಕೋಣೆಯಲ್ಲಿರುವ ಸ್ಟೀಲ್ ಡ್ರಮ್ಮಿನ ಫಿಲ್ಟರು ಬಣ್ಣವನ್ನು ಸೋಸಿಬಿಡುತ್ತದೆ, ಕೊಳಕನ್ನು ಸೋಸುವುದಿಲ್ಲ. ಬೆಳಗಿನ ಮೊದಲ ನೀರು ಹರಿದುಹೋದಮೇಲೆ ನಲ್ಲಿಯಲ್ಲೂ ಬಣ್ಣ ಇಳಿದಿರುತ್ತದೆ. ಹಾಗಾಗಿ ಆಮೇಲೆ ಎದ್ದು ಡ್ರಮ್ಮಿನ ನೀರು ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೂಗು ಬಿದ್ದ ದಿನ ಡ್ರಮ್ಮು ಮುಟ್ಟುವಂತಿಲ್ಲ, ಕುದಿಸಿಯೇ ಕುಡಿಯಬೇಕು. ಕೂಗಿಲ್ಲ ಎಂದರೆ ಧಾರಾಳವಾಗಿ ಕುಡಿಯಬಹುದು.

ಈ ಏರ್ಪಾಡಿಗೆ ನನ್ನ ರೂಂಮೇಟ್ ಒಬ್ಬಳೇ ಸವಾಲು. ಅವಳು ಕುಂಭಕರ್ಣನ ವಂಶದವಳು, ಎಲ್ಲರೂ ಕರೆಯುವುದೇ ಕುಂಭಿ ಎಂದು. ಕಾರಿಡಾರಿನಲ್ಲಿ ಆನೆ ಓಡಿದರೂ ಮಗ್ಗುಲು ಬದಲಿಸುವುದಿಲ್ಲ. ಅವಳು ಎದ್ದಮೇಲೆ ನೋಡಿಕೊಳ್ಳಲಿ ಎಂದು ನಾನು ಇಂಟರ್‌ನೆಟ್ಟಿನಲ್ಲೊಂದು ಪೇಜ್ ತೆರೆದೆ. ಮಗ್ಗಿನ ಫೋಟೋ, ಕೆಳಗೆ ಒಂದೇ ಪದ. ಅದೇ ಪೈಪಿನ ನೀರನ್ನು ನಮ್ಮ ಡ್ರಮ್ಮಿನಿಂದ ಹಿಡಿದೊಯ್ದು ಕುಡಿಯುವ ಹಿಂದಿನ ಬೀದಿಯವರೂ ಒಬ್ಬೊಬ್ಬರಾಗಿ ಪೇಜಿಗೆ ಸೇರಿದರು. ಎಲ್ಲರೂ ಫೋನು ನೋಡತೊಡಗಿದ ಮೇಲೆ ಕಾರಿಡಾರಿನ ಕೂಗು ತಾನಾಗಿಯೇ ನಿಂತಿತು. ಹಳೆಯ ನಿಯಮ ಮಾತ್ರ ಉಳಿಯಿತು: ಪೋಸ್ಟ್ ಇಲ್ಲದಿದ್ದರೆ ನೀರು ಚೆನ್ನಾಗಿದೆ.

ಇಷ್ಟು ಹೇಳಿದರೆ ನೀವು ಮಾಡಿದ್ದೇನು ಎಂದು ನಿಮಗೇ ಹೊಳೆಯಬೇಕು. ಹೊಳೆಯದಿದ್ದರೆ ಆಸ್ಪತ್ರೆಯ ವಾರ್ಡಿಗೆ ಬನ್ನಿ. ಕುಂಭಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ವಾಂತಿ, ಭೇದಿ, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆದರೂ ನನ್ನನ್ನು ನೋಡಿದ ಕೂಡಲೇ ಬೈಯಲು ಶಕ್ತಿ ಬಂತು.

‘ಏನೇ, ನೀನಾದ್ರೂ ಪೋಸ್ಟ್ ಹಾಕ್ಬಾರ್ದಿತ್ತಾ?’

‘ಹಾಕಿದ್ನಲ್ಲೇ! ಸೋಮವಾರದಿಂದ ದಿನಾ ಹಾಕ್ತಿದೀನಿ. ಟೀ, ಟೀ, ಕಾಫಿ. ಕಣ್ಣು ಬಿಟ್ಟು ನೋಡಿದ್ರೆ ತಾನೇ?’

‘ಕಣ್ಣು ಬಿಟ್ಕೊಂಡೇ ನೋಡ್ದೆ ಕಣೇ. ಏನೂ ಇರ್ಲಿಲ್ಲ. ಅದಕ್ಕೇ ದೊಡ್ಡ ಬಾಟ್ಲಿ ತುಂಬಿಸ್ಕೊಂಡು ಹೋದೆ.’

ಪಕ್ಕದ ಮಂಚದಲ್ಲಿ ಹಿಂದಿನ ಬೀದಿಯ ಟೈಲರ್ ಆಂಟಿ ಇದ್ದರು. ‘ನಾನೂ ನೋಡ್ದೆ ಕಣಮ್ಮ. ಸದ್ಯ, ಈ ವಾರ ಪೂರ್ತಿ ನೀರು ಚೆನ್ನಾಗಿದೆ ಅಂದ್ಕೊಂಡೆ’ ಎಂದು, ಮುಂದಿನ ಮಾತು ಮುಗಿಸಲಾಗದೆ ಬಕೆಟ್ಟಿನ ಕಡೆ ಬಾಗಿದರು.

ನನ್ನ ಫೋನನ್ನೂ ಕುಂಭಿಯ ಫೋನನ್ನೂ ಹಾಸಿಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ನನ್ನದರಲ್ಲಿ ಮಗ್ಗುಗಳು ಸಾಲಾಗಿದ್ದವು. ಅವಳದರಲ್ಲಿ ಪೇಜಿನ ಹೆಸರಿತ್ತು, ಕೆಳಗೆಲ್ಲ ಖಾಲಿ. ಪೇಜ್ ನಡೆಸುವ ಕಂಪನಿಗೆ ಮೇಲ್ ಹಾಕಿದಾಗ ಬಂದ ಉತ್ತರ ಚುಟುಕಾಗಿತ್ತು. ಕಾನೂನುಬದ್ಧ ಕೋರಿಕೆಯ ಮೇರೆಗೆ ನನ್ನ ಪೋಸ್ಟುಗಳು ಈ ದೇಶದಲ್ಲಿ ಇತರರಿಗೆ ಕಾಣದಂತೆ ಮಾಡಲಾಗಿದೆಯಂತೆ. ಅಂದರೆ ಬರೆದವಳಿಗೆ ಕಾಣುತ್ತದೆ, ಓದಬೇಕಾದವರಿಗೆ ಕಾಣುವುದಿಲ್ಲ. ಎಂಥ ನಾಜೂಕು! ಬಾಯಿ ಮುಚ್ಚಿಸಿದ್ದು ಬಾಯಿಗೇ ಗೊತ್ತಾಗಬಾರದು!

ಸ್ವಾಮಿ, ನೀವು ಬಾಗಿಲಿಗೆ ಬೀಗ ಜಡಿದು ‘ಇಲ್ಲಿ ಬೀಗ ಹಾಕಿದೆ’ ಎಂದು ಒಂದು ಬೋರ್ಡು ತಗುಲಿಸಿದ್ದರೂ ಸಾಕಿತ್ತು. ಓಹೋ, ಪೇಜ್ ಬಂದ್ ಆಗಿದೆ, ನೀರು ನಾವೇ ನೋಡಿಕೊಳ್ಳೋಣ ಎಂದು ಜನ ಹುಷಾರಾಗುತ್ತಿದ್ದರು. ನೀವು ಸದ್ದಿಲ್ಲದೆ ಅಳಿಸಿದಿರಿ. ನಮ್ಮ ಬೀದಿಯಲ್ಲಿ ಸದ್ದಿಲ್ಲ ಎಂದರೆ ‘ಕುಡಿಯಿರಿ’ ಎಂದರ್ಥ. ಹಾಗಾಗಿ ನೀವು ಬರೀ ಒಂದು ಮಾತನ್ನು ತಡೆದಿರಿ ಅಷ್ಟೇ ಎಂದರೆ ನಾನು ಒಪ್ಪುವುದಿಲ್ಲ. ನನ್ನ ಪೇಜಿನಲ್ಲಿ, ನನ್ನ ಹೆಸರಿನಲ್ಲಿ, ನೀರು ಶುದ್ಧವಾಗಿದೆ ಎಂಬ ಹಸಿ ಸುಳ್ಳನ್ನು ನೀವು ದಿನವೂ ಪ್ರಕಟಿಸಿದಿರಿ. ಸುಳ್ಳು ಸುದ್ದಿ ಹರಡುವವರ ಮೇಲೆ ಕ್ರಮ ಎಂದು ನಿಮ್ಮ ಇಲಾಖೆಯ ಜಾಹೀರಾತು ಬಸ್ಸುಗಳ ಹಿಂದೆಲ್ಲ ಇದೆ. ಯಾರಿಗೆ ದೂರು ಕೊಡಲಿ? ನಿಮಗೇನಾ?

ನಿಮ್ಮ ವಕೀಲರು ಕೋರ್ಟಿನಲ್ಲಿ ಹೇಳಿದ ಒಂದೇ ಕಾರಣ ‘ಸಾರ್ವಜನಿಕ ಆತಂಕ ತಡೆಗಟ್ಟುವುದು’. ಕ್ಷಮಿಸಿ, ಆತಂಕದ ವಿಷಯದಲ್ಲಿ ನಾನು ನಿಮ್ಮೆಲ್ಲರಿಗಿಂತ ಅನುಭವಸ್ಥೆ. ಪರೀಕ್ಷೆಗೆ, ಫೋನ್ ರಿಂಗಿಗೆ, ಲಿಫ್ಟಿನಲ್ಲಿ ಅಪರಿಚಿತರಿಗೆ, ಎಲ್ಲದಕ್ಕೂ ನನ್ನ ಎದೆ ಡವಡವ ಅನ್ನುತ್ತದೆ. ಅದು ಕಡಿಮೆಯಾಗುವುದು ಏನಾಗುತ್ತಿದೆ ಎಂದು ಗೊತ್ತಾದಾಗ. ನೀರು ಕೆಟ್ಟಿದೆ ಎಂದು ಗೊತ್ತಾದರೆ ಪಾತ್ರೆ ಒಲೆಯ ಮೇಲಿಡುತ್ತೇನೆ, ಕೈಗೆ ಒಂದು ಕೆಲಸ ಸಿಗುತ್ತದೆ. ಈಗ ಕುಂಭಿ ಪ್ರತಿ ಲೋಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಗೆ ಕುಡಿಯದೇ ಇಡುತ್ತಾಳೆ. ನೀವು ತಡೆಗಟ್ಟಿದ ಆತಂಕ ಇದೇ ಇರಬೇಕು.

ಕೋರ್ಟಿನಲ್ಲಿ ನಡೆದದ್ದನ್ನೂ ಜನ ತಿಳಿದುಕೊಳ್ಳಲಿ. ನನ್ನ ಅರ್ಜಿಯ ಜೊತೆ ಆದೇಶದ ಪ್ರತಿ ಲಗತ್ತಿಸಿಲ್ಲ, ಆದ್ದರಿಂದ ವಜಾ ಮಾಡಬೇಕು ಎಂದು ನಿಮ್ಮ ವಕೀಲರು ಶುರುಮಾಡಿದರು.

‘ಪ್ರತಿ ಯಾರ ಹತ್ತಿರ ಇದೆ?’ ಎಂದರು ನ್ಯಾಯಮೂರ್ತಿಗಳು.

‘ನಮ್ಮ ಹತ್ತಿರ ಇದೆ.’

‘ಅರ್ಜಿದಾರರಿಗೆ ಕೊಟ್ಟಿದ್ದೀರಾ?’

‘ಅದು ಗೌಪ್ಯ.’

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಿಮ್ಮವರು ಒಂದು ಮುಚ್ಚಿದ ಲಕೋಟೆಯನ್ನು ಮೇಲಕ್ಕೆ ಕೊಟ್ಟರು. ನ್ಯಾಯಮೂರ್ತಿಗಳು ಓದಿದರು, ಮತ್ತೆ ಮುಚ್ಚಿದರು. ನನ್ನ ಲಾಯರ್ ಮೇಡಂ ಎದ್ದು ನಿಂತು, ‘ಈ ಆದೇಶ ಯಾರ ಬಾಯಿ ಮುಚ್ಚಿಸಿದೆಯೋ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಇದನ್ನು ಓದಬಹುದು ಅಂತಾಯ್ತು. ಕಾಣದ ಆದೇಶಕ್ಕೆ ಆಕೆ ಉತ್ತರ ಕೊಡೋದಾದರೂ ಹೇಗೆ?’ ಎಂದರು. ಪ್ರತಿ ಯಾಕೆ ಕೊಡಬಾರದು ಎಂಬುದಕ್ಕೆ ಮುಂದಿನ ವಿಚಾರಣೆಯಲ್ಲಿ ವಿವರಣೆ ಕೊಡಿ ಎಂದು ನ್ಯಾಯಮೂರ್ತಿಗಳು ನಿಮಗೆ ಹೇಳಿದ್ದಾರೆ. ನೀವು ವಿವರಣೆ ಹುಡುಕುವ ಬದಲು ನನ್ನ ವಾರ್ಡನ್ನಿನ ನಂಬರು ಹುಡುಕಿದಿರಿ.

ವಾರ್ಡನ್ ನನ್ನನ್ನು ಆಫೀಸ್ ರೂಮಿಗೆ ಕರೆಸಿದರು. ಅವರ ಮೇಜಿನ ಪಕ್ಕದಲ್ಲಿ ಅಂಗಡಿಯಿಂದ ತರಿಸಿದ ನೀರಿನ ಕ್ಯಾನಿತ್ತು.

‘ಕೂತ್ಕೋ. ಯಾಕೆ ಹೆದರ್ಕೋತೀಯಾ? ನೀರು ಬೇಕಾ?’

‘ಯಾವ ನೀರು ಮ್ಯಾಮ್?’ ನನಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತು.

‘ಬಾಯಿಗೇನೂ ಕಮ್ಮಿ ಇಲ್ಲ ನಿಂಗೆ. ನೋಡು ಪುಟ್ಟಾ, ಮೇಲಿಂದ ಫೋನ್ ಬಂದಿತ್ತು. ಕೇಸ್ ಹೀಗೇ ನಡೀತಿದ್ರೆ ಮುಂದಿನ ವರ್ಷ ನಿನ್ ಸೀಟ್ ರಿನ್ಯೂ ಆಗೋದು ಕಷ್ಟ. ನನ್ ಕೈಲಿ ಏನೂ ಇಲ್ಲ.’

ಹಾಸ್ಟೆಲ್ ಸೀಟು ಹೋದರೆ ನನ್ನ ಕಾಲೇಜೂ ಹೋಯಿತು. ಹೊರಗೆ ರೂಮು ಮಾಡಿ ಓದಿಸುವ ಸ್ಥಿತಿ ನಮ್ಮ ಮನೆಯಲ್ಲಿಲ್ಲ, ಅಪ್ಪ ಲಿಫ್ಟ್ ಮೆಕ್ಯಾನಿಕ್. ಅದು ವಾರ್ಡನ್ನಿಗೂ ಗೊತ್ತು, ಫೋನ್ ಮಾಡಿದವರಿಗೂ ಗೊತ್ತಿರಬೇಕು. ಆ ಸಂಜೆ ಅಪ್ಪನೇ ಫೋನ್ ಮಾಡಿದರು, ಅವರಿಗೂ ಸುದ್ದಿ ಮುಟ್ಟಿತ್ತು.

‘ವಾಪಸ್ ತಗೊಂಡ್ಬಿಡು ಮಗಳೇ. ಸರ್ಕಾರದ ಜೊತೆ ನಮಗ್ಯಾಕೆ? ಓದ್ಕೊಂಡು ತೆಪ್ಪಗಿರು.’

‘ಹೂಂ.’

‘ಬರೀ ಹೂಂ ಅನ್ಬೇಡ. ಊಟ ಆಯ್ತಾ?’

‘ಹೂಂ ಅಪ್ಪಾ.’

ಫೋನ್ ಇಡುವುದಕ್ಕೆ ಮುಂಚೆ ಕೇಳಿದರು. ‘ಅಂದ್ಹಾಗೆ, ಇವತ್ತು ಏನು?’

‘ಏನು ಅಂದ್ರೆ?’

‘ಅದೇ, ನಂಗೂ ಕಾಣ್ತಿಲ್ವಲ್ಲ ಈಗ. ಟೀನಾ, ಕಾಫಿನಾ?’

‘ಟೀ.’

‘ಹಂಗಾದ್ರೆ ಮುಟ್ಬೇಡ. ಬೇರೆ ಮಕ್ಕಳಿಗೂ ಹೇಳು.’

ದೂರದ ಊರಿನಲ್ಲಿ ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಹೊಂಡದಲ್ಲಿ ನಿಂತು ಅಪ್ಪ ದಿನಾ ನನ್ನ ಮಗ್ಗು ನೋಡುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಫೋನಿನಲ್ಲಿ ಸುಮ್ಮನಿರು ಎಂದೂ ಹೇಳಿದರು, ಹೇಳು ಎಂದೂ ಹೇಳಿದರು. ಮೊದಲನೆಯದು ಭಯಕ್ಕೆ ಹೇಳಿದ್ದು. ಎರಡನೆಯದನ್ನು ನಾನು ಪಾಲಿಸುತ್ತೇನೆ.

ಅರ್ಜಿ ವಾಪಸ್ ಪಡೆಯುವುದಿಲ್ಲ. ಸೀಟು ಕಿತ್ತುಕೊಳ್ಳುವುದಾದರೆ ಅದನ್ನಾದರೂ ಲಕೋಟೆಯಲ್ಲಿ ಮುಚ್ಚಿಡದೆ, ಕಾರಣ ಬರೆದು, ಸಹಿ ಹಾಕಿ ಕೊಡಿ. ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸುತ್ತೇನೆ. ಮನಸ್ಸಿನಲ್ಲೇ ಒಮ್ಮೆ ರಿಹರ್ಸಲ್ ಮಾಡಿಕೊಂಡಾದರೂ ಪ್ರಶ್ನಿಸುತ್ತೇನೆ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಆದೇಶದ ಪ್ರತಿ ನನ್ನ ಕೈಗೆ ಕೊಡಿ. ಮಗ್ಗುಗಳನ್ನು ಜನರ ಕಣ್ಣಿಗೆ ವಾಪಸ್ ಬಿಡಿ. ಇನ್ನು ಮುಂದೆ ಯಾರ ಮಾತನ್ನಾದರೂ ಮುಚ್ಚಿದರೆ, ಮುಚ್ಚಿದವರು ನಾವು ಎಂದು ಆ ಜಾಗದಲ್ಲೇ ಬರೆಯಿರಿ. ಮತ್ತು ಎಲ್ಲಕ್ಕಿಂತ ಸುಲಭದ ದಾರಿ ಒಂದಿದೆ, ನಿಮ್ಮಲ್ಲಿ ಯಾರಿಗೂ ಹೊಳೆದಿಲ್ಲವೇನೋ: ಆ ಪೈಪು ರಿಪೇರಿ ಮಾಡಿಸಿ. ನನ್ನ ಪೇಜು ತಾನಾಗಿಯೇ ಖಾಲಿ ಬೀಳುತ್ತದೆ.

ಅಲ್ಲಿಯವರೆಗೆ ನಾವು ಕಾರಿಡಾರಿಗೆ ಮರಳಿದ್ದೇವೆ. ಮೊದಲು ಸ್ನಾನಕ್ಕೆ ಹೋದವಳು ಈಗ ಹಿಂದಿನ ಕಿಟಕಿಯನ್ನೂ ತೆರೆದು ಕೂಗುತ್ತಾಳೆ. ಕಿಟಕಿಯಾಚೆ ಟೈಲರ್ ಆಂಟಿ ಕೇಳಿಸಿಕೊಂಡು ತಮ್ಮ ಬೀದಿಗೆ ಕೂಗುತ್ತಾರೆ. ಕುಂಭಿಯನ್ನು ಎಬ್ಬಿಸುವ ಜವಾಬ್ದಾರಿ ನನ್ನದು, ಚಾದರ ಎಳೆದು ಕಿವಿಯಲ್ಲೇ ಹೇಳುತ್ತೇನೆ. ನಿಯಮವನ್ನೂ ಬದಲಿಸಿದ್ದೇವೆ. ನೀರು ತಿಳಿಯಾಗಿ ಬಂದ ದಿನವೂ ‘ನೀರು!’ ಎಂದು ಕೂಗಲೇಬೇಕು. ಇನ್ನು ನಮ್ಮ ಬೀದಿಯಲ್ಲಿ ಸದ್ದಿಲ್ಲ ಎಂದರೆ ಯಾರೂ ಲೋಟ ಎತ್ತುವುದಿಲ್ಲ. ಯಾರ ಬಾಯಿ ಮುಚ್ಚಿಸಿದರು ಎಂದು ಹುಡುಕಿಕೊಂಡು ಬರುತ್ತಾರೆ.

ಇವತ್ತು, ನಿಮ್ಮ ಮಾಹಿತಿಗಾಗಿ: ಕಾಫಿ.

ಇಂತಿ,
ನಿಮ್ಮ ಲಕೋಟೆಯೊಳಗೆ ಹೆಸರಿರುವ, ಅದನ್ನು ತೆರೆದು ನೋಡುವ ಹಕ್ಕಿಲ್ಲದ,
ಸದ್ಯಕ್ಕೆ ಹಾಸ್ಟೆಲ್ ನಿವಾಸಿಯಾಗಿರುವ ಅರ್ಜಿದಾರಳು